ಸತ್ಯಾಂಶ: ಹೈಬ್ರಿಡ್ ಕಾರುಗಳನ್ನೆಲ್ಲ ವಾಪಸ್ ಪಡೀತಾರಾ?

ಮಳೆ ಶುರುವಾದರೆ ಸಾಕು, ಮಂಜೇಶ್ವರ, ಕುಂಬಳೆ ಕಡೆಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹಳೆಯ ಸಂದೇಶವೊಂದು ಮತ್ತೆ ಓಡಾಡುತ್ತದೆ. ಬ್ರೇಕ್ ದೋಷದಿಂದಾಗಿ ಹೈಬ್ರಿಡ್ ಕಾರುಗಳನ್ನೆಲ್ಲ (ಎಂಜಿನ್ ಜೊತೆ ಎಲೆಕ್ಟ್ರಿಕ್ ಮೋಟಾರೂ ಇರುವ ಕಾರು) ಕಂಪನಿಗಳು ರೀಕಾಲ್ ಮಾಡಿ ವಾಪಸ್ ಪಡೆಯುತ್ತಿವೆ, ಯಾವುದನ್ನೂ ಓಡಿಸಬೇಡಿ ಎಂಬುದು ಅದರ ಸಾರ. ಮನೆಯವರ ಮೇಲಿನ ಕಾಳಜಿಯಿಂದಲೇ ಜನ ಕಳಿಸುತ್ತಾರೆ. ಆದರೆ ಅದು ಸರಿಯಲ್ಲ.

ರೀಕಾಲ್ ಅಂದರೆ ಕಾರನ್ನು ಕಿತ್ತುಕೊಳ್ಳುವುದಲ್ಲ. ದೋಷ ಕಂಡ ಮಾದರಿಯ, ನಿರ್ದಿಷ್ಟ ಅವಧಿಯಲ್ಲಿ ತಯಾರಾದ ಕಾರುಗಳನ್ನು ಮಾತ್ರ ಕರೆಸಿ, ಉಚಿತವಾಗಿ ರಿಪೇರಿ ಮಾಡಿ ಕೊಡುವುದು.

ಹೈಬ್ರಿಡ್‌ನಲ್ಲಿ ಬ್ರೇಕ್ ಒತ್ತಿದಾಗ ಮೋಟಾರು ಜನರೇಟರ್ ಆಗಿ ತಿರುಗಿ, ಬ್ಯಾಟರಿ ಚಾರ್ಜ್ ಮಾಡುತ್ತಾ ವೇಗ ತಗ್ಗಿಸುತ್ತದೆ. ಜೊತೆಗೆ ಎಲ್ಲ ಕಾರುಗಳಲ್ಲಿರುವ ಮಾಮೂಲಿ ಬ್ರೇಕ್ ಕೂಡ ಇದ್ದೇ ಇರುತ್ತದೆ. 2010ರಲ್ಲಿ ಜಗತ್ತಿನಾದ್ಯಂತ 4 ಲಕ್ಷಕ್ಕೂ ಜಾಸ್ತಿ ಹೈಬ್ರಿಡ್ ಕಾರುಗಳನ್ನು ಕರೆಸಿದ್ದು ನಿಜ. ಗುಂಡಿ ಬಿದ್ದ ಅಥವಾ ಜಾರುವ ರಸ್ತೆಯಲ್ಲಿ ಬ್ರೇಕ್ ಹಿಡಿಯುವುದು ಕ್ಷಣಕಾಲ ತಡವಾದಂತೆ ಅನಿಸುತ್ತಿತ್ತು. ನಮ್ಮ ಮಳೆಗಾಲದ ರಸ್ತೆ ನೆನೆದರೆ ಭಯವಾಗುವುದು ಸಹಜ, ಅಲ್ವಾ? ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ವ್ಯವಸ್ಥೆಯ ಸಾಫ್ಟ್‌ವೇರ್ ಬದಲಿಸಿ ಅದನ್ನು ಸರಿಪಡಿಸಿದರು.

ನಿಮ್ಮ ಕಾರಿನ ವಿಷಯ ನೀವೇ ನೋಡಬಹುದು. ಆರ್‌ಸಿಯಲ್ಲಿ ಚಾಸಿ ನಂಬರ್ ಇರುತ್ತದೆ, ಸಾಮಾನ್ಯವಾಗಿ 17 ಅಕ್ಷರ, ಅಂಕಿಗಳದ್ದು. ಅದನ್ನು ಕಂಪನಿಯ ವೆಬ್‌ಸೈಟಿನ ರೀಕಾಲ್ ಪುಟದಲ್ಲಿ ಹಾಕಿ, ಇಲ್ಲವೇ ಸರ್ವಿಸ್ ಸೆಂಟರಿನಲ್ಲಿ ಕೇಳಿ. ಸಂದೇಶದಲ್ಲಿ ಮಾದರಿ, ತಯಾರಾದ ವರ್ಷ, ದೇಶ ಯಾವುದೂ ಇಲ್ಲದಿದ್ದರೆ ಮುಂದೆ ಕಳಿಸಬೇಡಿ.

ಪೆಡಲ್ ಮೆತ್ತಗಾಗಿದೆ, ಜಾಸ್ತಿ ಒಳಗೆ ಹೋಗುತ್ತಿದೆ ಅನಿಸಿದರೆ ಮಾತ್ರ ಯಾವ ರೀಕಾಲ್‌ಗೂ ಕಾಯಬೇಡಿ. ಕಾರು ನಿಲ್ಲಿಸಿ ಮೆಕ್ಯಾನಿಕ್‌ನನ್ನು ಕರೆಸಿ.