ಕಡಕ್ ರೊಟ್ಟಿ ಬಾಗಿದ ದಿನ

ಹೋದ ಭಾನುವಾರ ನಮ್ಮ ಮನೆಯಲ್ಲಿ ಕಡಕ್ ರೊಟ್ಟಿ ಬಾಗಿತು.

ಕಲಬುರಗಿಯವರಿಗೆ ಇದಕ್ಕಿಂತ ಜಾಸ್ತಿ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗೆ ಹೇಳಿಬಿಡುತ್ತೇನೆ. ಕಡಕ್ ರೊಟ್ಟಿ ಅಂದರೆ ಮುರಿಯಬೇಕು. ನಾವು ಮುರಿದದ್ದು ಪಕ್ಕದ ಮನೆಗೆ ಕೇಳಬೇಕು. ಬುಟ್ಟಿಯಲ್ಲಿ ಬಟ್ಟೆ ಮುಚ್ಚಿಟ್ಟರೆ ವಾರಗಟ್ಟಲೆ ಅದರ ಸ್ವಭಾವ ಬದಲಾಗಬಾರದು. ಅಂಥ ರೊಟ್ಟಿಯನ್ನು ಬೀದರ್‌ನಿಂದ ಬಂದ ಬೀಗರು ಎರಡೂ ಕೈಯಲ್ಲಿ ಹಿಡಿದು ಮುರಿಯಲು ನೋಡಿದರು. ಬಾಗಿತು. ಇನ್ನಷ್ಟು ಒತ್ತಿದರು. ಮಡಚಿಕೊಂಡಿತು. ಕೈ ಬಿಟ್ಟರು, ನಿದ್ದೆಯಿಂದ ಎದ್ದವರ ಹಾಗೆ ಮೆಲ್ಲಗೆ ಬಿಚ್ಚಿಕೊಂಡಿತು. ಬೀಗರು ಬಹಳ ಸಭ್ಯ ಜನ. "ಚಪಾತಿ ಜರಾ ದಪ್ಪ ಆಗ್ಯಾವ, ಆದ್ರ ಚೊಲೋ ಅವ," ಅಂದರು. ಶೇಂಗಾ ಹಿಂಡಿಯ ಬಟ್ಟಲು ಹಿಡಿದು ಬಂದ ನನ್ನ ಹೆಂಡತಿ ಅಲ್ಲೇ ನಿಂತುಬಿಟ್ಟಳು. ಆಮೇಲೆ ನನ್ನ ಕಡೆ ನೋಡಿದಳು. ಆ ನೋಟ ಇವತ್ತಿಗೂ ಪೂರ್ತಿ ಇಳಿದಿಲ್ಲ.

ತಪ್ಪು ಹಿಟ್ಟಿನದಲ್ಲ, ತಟ್ಟಿದವಳದೂ ಅಲ್ಲ. ರೊಟ್ಟಿ ಬುಟ್ಟಿ ಇರುವುದು ಪಡಸಾಲೆಯಲ್ಲಿ. ಆ ಪಡಸಾಲೆಗೆ ಗಾಜು ಹಾಕಿಸಿದ್ದು ನಾನು.

ಶಿವರಾತ್ರಿ ಕಳೆದ ಮೇಲೆ ಹಾಕಿಸಿದ್ದು. ಮೂರು ಕಾರಣ ಇದ್ದವು. ರಸ್ತೆಯ ಧೂಳು, ಸೊಳ್ಳೆ, ಚಪ್ಪಲಿ ಕಚ್ಚಿಕೊಂಡು ಹೋಗುವ ನಾಯಿ. ಆ ನಾಯಿ ಯಾವಾಗಲೂ ಒಂದೇ ಕಾಲಿನದು ಒಯ್ಯುತ್ತಿತ್ತು. ಎರಡೂ ಒಯ್ದಿದ್ದರೆ ಮನಸ್ಸಿಗೆ ಸಮಾಧಾನವಾದರೂ ಆಗುತ್ತಿತ್ತು. ಅಲ್ಯೂಮಿನಿಯಂ ಕೆಲಸದವನು ಬಂದು ಅಳತೆ ಹಿಡಿದು, ಸ್ಲೈಡಿಂಗ್ ಗಾಜು ಕೂರಿಸಿ, ಸಂದು ಸಂದಿಗೂ ಸಿಲಿಕಾನ್ ಬಳಿದು, "ಸಾಹೇಬ್ರ, ಇನ್ನ ಒಂದು ಹನಿ ನೀರು ಒಳಗ ಬರಂಗಿಲ್ಲ" ಅಂದ. ಮಾತು ಉಳಿಸಿಕೊಂಡ. ಹೊರಗಿಂದ ಒಂದು ಹನಿಯೂ ಬಂದಿಲ್ಲ.

ಮೊದಲು ಕೈಕೊಟ್ಟಿದ್ದು ಕೂಲರ್. ಪಡಸಾಲೆಯಲ್ಲಿ ನಿಂತು ಕಿಟಕಿಯೊಳಗಿಂದ ಹಾಲ್‌ಗೆ ತಣ್ಣನೆ ಗಾಳಿ ಊದುವುದು ಅದರ ಹಳೆಯ ಕೆಲಸ. ಹೊರಗಿನ ಒಣ ಗಾಳಿ ಸಿಗುವ ತನಕ ಅದು ದೇವರಂಥದ್ದು. ನಮ್ಮ ಮೇ ತಿಂಗಳ 42 ಡಿಗ್ರಿಯಲ್ಲಿ ಗಾಳಿಗೆ ಎಷ್ಟು ಬಾಯಾರಿಕೆ ಇರುತ್ತದೆಂದರೆ ಒಗೆದ ಲುಂಗಿ ಚಹಾ ಕುಡಿಯುವಷ್ಟರಲ್ಲಿ ಒಣಗುತ್ತದೆ. ಗಾಜು ಮುಚ್ಚಿದ ಮೇಲೆ ಕೂಲರ್‌ಗೆ ಹೊಸ ಗಾಳಿ ಎಲ್ಲಿಂದ ಬರಬೇಕು? ತಾನು ಬಿಟ್ಟ ಹಸಿ ಉಸಿರನ್ನೇ ತಾನು ಎಳೆದುಕೊಳ್ಳತೊಡಗಿತು. ತಂಪೂ ಇಲ್ಲ, ಸುಮ್ನೆ ಮೈ ಅಂಟಂಟು. ಅದಕ್ಕೆ ಹೊಸ ಪ್ಯಾಡ್ ಹಾಕಿಸಿದೆ, ಹೊಸ ಪಂಪ್ ಹಾಕಿಸಿದೆ. ಪಾಪ, ಅದರ ತಪ್ಪೇನೂ ಇರಲಿಲ್ಲ.

ಮಳೆಗಾಲ ಬಂತು. ಒಗೆದ ಬಟ್ಟೆಗಳೆಲ್ಲ ಗಾಜಿನ ಒಳಗಿನ ಹಗ್ಗಕ್ಕೆ ಬಂದವು. ನನ್ನ ಕರಿ ಬೂಟಿನ ಮೇಲೆ ಹಸಿರು ಬೂಷ್ಟು. ಕ್ಯಾಲೆಂಡರ್ ಉಬ್ಬಿ ಸೆಪ್ಟೆಂಬರ್ ಗರ್ಭಿಣಿಯ ಹಾಗೆ ಕಾಣುತ್ತಿತ್ತು. ಗಾಜಿನ ಮೇಲೆ ಕೂತ ಹಬೆಯಲ್ಲಿ ಮಗಳು ಮಗ್ಗಿ ಬರೆದಳು, ಏಳೆಂಟ್ಲೆ ಐವತ್ನಾಲ್ಕು ಅಂತ, ಅದು ಮಧ್ಯಾಹ್ನದ ತನಕ ಅಳಿಸದೆ ಓಣಿಗೆಲ್ಲ ತಿರುವುಮುರುವಾಗಿ ಕಾಣುತ್ತಿತ್ತು. ಗೋಡೆ ಕೆಳಗಿನಿಂದ ಎರಡಡಿ ಎತ್ತರಕ್ಕೆ ಬಿಳಿ ಪುಡಿ ಉಗುಳತೊಡಗಿತು.

ಆಗ ಪಕ್ಕದ ಮನೆ ಕಾಕಾ ಬಂದರು.

ಕಾಕಾ ನಿವೃತ್ತ ಗುಮಾಸ್ತರು. ಜೀವನದಲ್ಲಿ ಒಂದು ಮನೆ ಕಟ್ಟಿಸಿದ್ದಾರೆ. ಅಷ್ಟರಿಂದಲೇ ಓಣಿಯ ಎಂಜಿನಿಯರ್. ಚಪ್ಪಲಿ ಬಿಟ್ಟು ಒಳಗೆ ಬಂದರು, ಗೋಡೆ ನೋಡಿದರು, ಉಪ್ಪಿನಕಾಯಿ ಭರಣಿಯ ಅಂಚು ಒರೆಸಿದ ಹಾಗೆ ತೋರುಬೆರಳಿನಿಂದ ಆ ಪುಡಿ ಒರೆಸಿ ನಾಲಿಗೆಗೆ ಹಚ್ಚಿಕೊಂಡರು. ಕಣ್ಣು ಮುಚ್ಚಿದರು. ಮದುವೆ ಮನೆಯಲ್ಲಿ ಅಡುಗೆಯವನು ಸಾರಿನ ರುಚಿ ನೋಡುವಾಗ ಸುತ್ತಲಿನವರು ಉಸಿರು ಹಿಡಿದು ನಿಲ್ಲುತ್ತಾರಲ್ಲ, ಹಾಗೆ ನಿಂತೆವು ನಾವು. ಕಾಕಾ ಕಣ್ಣು ತೆರೆದು ಇನ್ನೊಂದು ಮೂಲೆಗೆ ಹೋದರು. ಅಲ್ಲೂ ನೆಕ್ಕಿದರು. "ಇಲ್ಲಿ ಜರಾ ಕಮ್ಮಿ ಅದ," ಅಂದರು. ಬಾಗಿಲ ಪಕ್ಕ ಮೂರನೇ ಸಲ. ಆಮೇಲೆ ನೀರು ಕೇಳಿದರು. ಇವಳು ಒಂದು ಚೊಂಬು ತಂದುಕೊಟ್ಟಳು. ಗಟಗಟ ಕುಡಿದು, ಮೀಸೆ ಒರೆಸಿಕೊಂಡು, "ಬೋರಿನ ನೀರು" ಅಂದರು.

"ಇಲ್ಲ ಕಾಕಾ, ಫಿಲ್ಟರಿನ ನೀರು ಅದು."

"ನಾ ಗೋಡಿದು ಹೇಳ್ಲಿಕ್ಕತ್ತೀನಿ ತಮ್ಮಾ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಈ ಉಪ್ಪು ಇಟ್ಟಿಗೆ, ಸಿಮೆಂಟು, ಮಣ್ಣಿನೊಳಗೇ ಇರುತ್ತದೆ. ನೀರು ಅದನ್ನು ಕರಗಿಸಿ ಗೋಡೆಯ ಮೇಲೆ ತಂದುಬಿಟ್ಟು ತಾನು ಆವಿಯಾಗಿ ಹೋಗುತ್ತದೆ, ಉಪ್ಪು ಉಳಿಯುತ್ತದೆ. ಮಳೆ ನೀರೋ ಬೋರಿನ ನೀರೋ ಅಂತ ನಾಲಿಗೆಯಿಂದ ಹೇಳಲು ಬರುತ್ತದಾ? ಇದನ್ನೆಲ್ಲ ವಿವರಿಸಿದೆ. ಕಾಕಾ ಪೂರ್ತಿ ಕೇಳಿ, "ಬೋರಿನದು" ಅಂದು ಹೊರಟರು. ಅಲ್ಲಿಂದ ಪ್ರತಿ ವಾರ ಬಂದರು, ವಾರ್ಡಿಗೆ ಬರುವ ಡಾಕ್ಟರ ಹಾಗೆ. ನೆಕ್ಕುವುದು, ತಲೆ ಆಡಿಸುವುದು, ಚಹಾ ಕುಡಿಯುವುದು, ಹೋಗುವುದು. ಒಂದು ದಿನ ನೋಡಿದರೆ ಮಗಳೂ ಅವರ ಹಿಂದೆ ನಿಂತು ನೆಕ್ಕುತ್ತಿದ್ದಾಳೆ. ಅವತ್ತು ಇವಳು ಬೈದದ್ದು ಮಗಳಿಗೋ ಕಾಕಾಗೋ ನನಗೋ, ಮೂವರಿಗೂ ಗೊತ್ತಾಗಲಿಲ್ಲ.

ನಾನು ಕಾಕಾರ ಮಾತು ಬಿಟ್ಟು ವಿಜ್ಞಾನ ಹಿಡಿದೆ. ಮಾಳಿಗೆ ಸೋರುತ್ತಿರಬೇಕು ಅಂತ 11,000 ರೂಪಾಯಿ ಸುರಿದು ವಾಟರ್‌ಪ್ರೂಫಿಂಗ್ ಮಾಡಿಸಿದೆ. ಗೋಡೆಗೆ ನೀರು ಹಿಡಿಯದ ಪೇಂಟ್ ಹೊಡೆಸಿದೆ. ಒಳಗಿನ ತೇವಕ್ಕೆ ಹೊರಗೆ ಬರಲು ದಾರಿ ಇಲ್ಲದೆ ಪೇಂಟ್ ಹಪ್ಪಳದ ಹಾಗೆ ಉಬ್ಬಿತು. ಕಾಕಾ ಬಂದು ಒಂದು ಗುಳ್ಳೆ ಒಡೆದು ರುಚಿ ನೋಡಿ, "ಅದ ಅದ, ಬೋರಿನದು" ಅಂದರು.

ಕೊನೆಗೆ ಪ್ಲಾಸ್ಟಿಕ್ ಪರೀಕ್ಷೆ. ನೆಲಕ್ಕೆ ಒಂದು ಪ್ಲಾಸ್ಟಿಕ್ ಹಾಳೆ ಹಾಸಿ ನಾಲ್ಕೂ ಕಡೆ ಟೇಪ್ ಅಂಟಿಸಿ ಎರಡು ದಿನ ಬಿಡಬೇಕು. ಹಾಳೆಯ ಕೆಳಗೆ ನೀರು ಕೂತರೆ ತೇವ ನೆಲದಿಂದ, ಮೇಲೆ ಕೂತರೆ ಗಾಳಿಯಿಂದ. ಎರಡು ದಿನ ಬಿಟ್ಟು ನೋಡಿದೆ. ಕೆಳಗೂ ನೀರು, ಮೇಲೂ ನೀರು. ಮೇಲೆ ಹನಿ ಹನಿ ಅಲ್ಲ, ಹೊಂಡ. ವಿಜ್ಞಾನದ ಮೇಲಿದ್ದ ನಂಬಿಕೆಯೂ ಅವತ್ತು ಹೋಯಿತು.

ಅದೇ ವಾರ ಬೀಗರು ಬಂದದ್ದು, ರೊಟ್ಟಿ ಬಾಗಿದ್ದು. ನಾನು ನಾಚಿಕೆಯಿಂದ ಪಡಸಾಲೆಯ ಕಥೆ ಹೇಳಿದೆ. ಬೀಗರು ನಕ್ಕರು. "ನಮ್ಮ ಬೀದರ್‌ನಾಗ ಬಹಮನಿ ಕಾಲದಾಗೇ ನೆಲದ ಕೆಳಗ ಸುರಂಗ ಬಾವಿ ಮಾಡಿ ನೀರು ಹರಿಸ್ಯಾರ. ನೀವು ಈಗ ಸುರು ಮಾಡೀರಿ," ಅಂದರು. ಬಹಮನಿಗಳ ರಾಜಧಾನಿಯನ್ನೇ ನಮ್ಮೂರಿನಿಂದ ಎತ್ತಿಕೊಂಡು ಹೋದ ಊರಿನವರು ಅವರು, ಏನು ಹೇಳಿದರೂ ಕೇಳಬೇಕು.

ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಗಿನ ಜಾವ ಐದಕ್ಕೆ ಸರ್ ಸರ್ ಅಂತ ಸದ್ದು. ಎದ್ದು ಹೋಗಿ ನೋಡಿದರೆ ಪಡಸಾಲೆಯಲ್ಲಿ ಅವ್ವ. ಸೀರೆ ಎತ್ತಿ ಕಟ್ಟಿದ್ದಾಳೆ, ಎರಡು ಬಕೆಟ್ ನೀರು ಇಟ್ಟುಕೊಂಡಿದ್ದಾಳೆ. ಶಹಾಬಾದ್ ಫರಸಿಯ ಮೇಲೆ ಒಂದು ಬಕೆಟ್ ಧಾರಾಳವಾಗಿ ಸುರಿದು ಬಾರಿಗೆಯಿಂದ ಮುಂದಕ್ಕೆ ತಳ್ಳುತ್ತಿದ್ದಾಳೆ. ನಲವತ್ತು ವರ್ಷದಿಂದ ತಳ್ಳಿದ ಕೈ. ಮೊದಲೆಲ್ಲ ಆ ನೀರು ಅಂಚು ದಾಟಿ ನೇರ ಚರಂಡಿಗೆ ಬೀಳುತ್ತಿತ್ತು. ಈಗ ಅಲ್ಯೂಮಿನಿಯಂ ಪಟ್ಟಿಗೆ ಬಡಿದು ವಾಪಸ್ ಬರುತ್ತಿತ್ತು. ಅವ್ವ ಮತ್ತೆ ತಳ್ಳಿದಳು. ಅದು ಮತ್ತೆ ಬಂತು. ಮೂರನೇ ಸಲ ಫರಸಿಯ ಸಂದಿಗಳಲ್ಲಿ ಸುಮ್ಮನೆ ಇಳಿದುಹೋಯಿತು.

"ದಿನಾ ಇಷ್ಟು ನೀರು ಹಾಕ್ತಿಯೇನಬೇ?"

"ಬಾಗಿಲಿಗೆ ನೀರು ಹಾಕ್ಲಾರ್ದ ಹ್ಯಾಂಗಪಾ? ಮೊದಲ ಒಂದು ಕೊಡ ಸಾಕಾಗ್ತಿತ್ತು. ಈಗ ಹೊಲಸು ಮುಂದಕ್ಕ ಹೋಗಂಗೇ ಇಲ್ಲ, ಅದಕ್ಕ ಜಾಸ್ತಿ ಹಾಕ್ತೀನಿ."

"ಆ ಪ್ಲಾಸ್ಟಿಕ್ ಮೇಲೆ?"

"ಅದನ್ನೂ ತೊಳದೀನಿ ಪಾ. ಬಹಳ ಹೊಲಸಾಗಿತ್ತು."

ನೀರು ಯಾವುದು ಅಂತ ಕೇಳುವ ಧೈರ್ಯ ಬರಲಿಲ್ಲ. ನಲ್ಲಿ ನೀರು ದಿನಾ ಬಿಡುವುದಿಲ್ಲ, ಬಂದದ್ದನ್ನು ಅಡುಗೆಗೆ ಹಿಡಿದಿಡುತ್ತೇವೆ. ನೆಲ ತೊಳೆಯುವುದು ಬೋರಿನದರಲ್ಲೇ.

ಏಳು ಗಂಟೆಗೆ ಕಾಕಾರ ಮನೆಗೆ ಹೋದೆ. ಸೋತವನ ಹಾಗೆ ನಿಂತು, ನೀವು ಹೇಳಿದ್ದೇ ಖರೇ, ನಾಲಿಗೆಯಿಂದ ಅದು ಹೇಗೆ ಗೊತ್ತಾಯಿತು ಅಂತ ಕೇಳಿದೆ.

"ನಾಲಿಗಿಂದ ಏನು ಗೊತ್ತಾಗ್ತದೋ ತಮ್ಮಾ? ಐದಕ್ಕ ಮಾಳಿಗಿ ಮ್ಯಾಲ ವಾಕಿಂಗ್ ಮಾಡ್ತೀನಿ. ನಿಮ್ಮವ್ವ ಬೋರಿನ ನಲ್ಲಿ ತಿರುವೋದು ದಿನಾ ಕಾಣ್ತದ."

"ಮತ್ತ ಮೊದಲೇ ಹೇಳಬಾರದಿತ್ತಾ?"

"ಅಕ್ಕನ ಹೆಸರು ನಾ ಹ್ಯಾಂಗ ಹೇಳಲಿ? ಅದಕ್ಕ ಬೋರಿನದು, ಬೋರಿನದು ಅಂತ ಅಂದೆ. ನೀ ತಿಳ್ಕೊಳ್ಳಿಲ್ಲ."

ಅಂದರೆ ನಾಲ್ಕು ವಾರ ಆ ಮನುಷ್ಯ ನನ್ನ ಗೋಡೆ ನೆಕ್ಕಿದ್ದು ಸುಮ್ನೆ. ಮನೆಗೆ ಬರುವಾಗ ಇನ್ನೊಂದು ವಿಷಯ ತಲೆಗೆ ಬಂತು. ಗಾಜು ಇಲ್ಲದ ದಿನಗಳಲ್ಲಿ ಕಾಕಾಗೆ ಗೋಡೆಯ ನೆಪವೇ ಬೇಕಿರಲಿಲ್ಲ. ಸಂಜೆಯಾದರೆ ಅವ್ವ ಕಾದ ಫರಸಿಗೆ ನೀರು ಚಿಮುಕಿಸುತ್ತಿದ್ದಳು, ಹಬೆ ಏಳುತ್ತಿತ್ತು, ಕಾಕಾ ಬಂದು ಕಂಬಕ್ಕೆ ಒರಗುತ್ತಿದ್ದರು. ತೊಗರಿ ಬೇಳೆ ಹಸನು ಮಾಡಲು ಓಣಿಯ ಹೆಂಗಸರು ಮೊರ ತಗೊಂಡು ಬಂದು ಕೂರುತ್ತಿದ್ದರು. ರಸ್ತೆಯಲ್ಲಿ ಹೋಗುವವರು "ಊಟ ಆಯ್ತೇನ್ರೀ" ಅಂತ ಕೇಳಿಯೇ ಮುಂದೆ ಹೋಗುತ್ತಿದ್ದರು. ಈಗ ಗಾಜಿನ ಮುಂದೆ ನಿಲ್ಲುತ್ತಾರೆ, ಬಾಚಣಿಗೆ ತೆಗೆದು ಕೂದಲು ಬಾಚಿಕೊಳ್ಳುತ್ತಾರೆ, ಹೋಗುತ್ತಾರೆ.

ಅಲ್ಯೂಮಿನಿಯಂನವನನ್ನು ಕರೆಸಿದೆ. ಕೆಳಗಿನ ಪಟ್ಟಿಯಲ್ಲಿ ನೀರು ಹೊರಗೆ ಹೋಗಲೆಂದೇ ಸಣ್ಣ ತೂತು ಇರಬೇಕಂತೆ, ಇದ್ದವಂತೆ, ಇವನೇ ಸಿಲಿಕಾನ್ ಬಳಿದು ಮುಚ್ಚಿದ್ದ. "ಇರುವೆ ಬರ್ತಾವಂತ ಮುಚ್ಚಿದೆ ಸಾಹೇಬ್ರ." 300 ರೂಪಾಯಿ ತಗೊಂಡು ತೂತು ಬಿಡಿಸಿದ. ಅವ್ವನಿಗೆ ಒಂದೇ ಚೊಂಬು ನೀರು ಅಂತ ಹೇಳಿದೆ, ನೋಡೋಣ ಅಂದಳು. ಅವಳ ನೋಡೋಣದ ಅರ್ಥ ನನಗೆ ಗೊತ್ತಿದೆ. ಕೂಲರ್ ಮಾಳಿಗೆಗೆ ಹೋಯಿತು, ಬಟ್ಟೆಯ ಹಗ್ಗ ಹಿತ್ತಲಿಗೆ. ಸ್ಲೈಡಿಂಗ್ ಗಾಜು ಈಗ ಹಗಲೂ ರಾತ್ರಿ ಅರ್ಧ ತೆರೆದೇ ಇರುತ್ತದೆ.

ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಇವಳು ಹೊಸ ಬುಟ್ಟಿಯಿಂದ ಒಂದು ರೊಟ್ಟಿ ತೆಗೆದು ನನ್ನ ಕಿವಿಯ ಹತ್ತಿರ ತಂದು ಮುರಿದಳು. ಟಪ್ ಅಂತು. ಆಹಾ.

ಇವತ್ತು ಬೆಳಗ್ಗೆ ಆಫೀಸಿಗೆ ಹೊರಟೆ. ಪಡಸಾಲೆಯ ತುಂಬ ಕೆಂಪು ಧೂಳು, ಧೂಳಿನ ಮೇಲೆ ನಾಯಿಯ ಹೆಜ್ಜೆ. ಎಡಗಾಲಿನ ಚಪ್ಪಲಿ ಇಲ್ಲ.