ಅಡುಗೆ ಸರಿಯಿಲ್ಲದಿದ್ದರೆ ಹೊಡೆಯಬಹುದಾ?

2009ರ ಜನವರಿ 24. ನಾನಾಗ ಮಂಗಳೂರಿನ ಹಾಸ್ಟೆಲ್ ಒಂದರಲ್ಲಿದ್ದೆ. ಪಬ್ಬಿಗೆ ನುಗ್ಗಿ ಹುಡುಗಿಯರನ್ನು ಅಟ್ಟಾಡಿಸಿ ಹೊಡೆದ ದೃಶ್ಯ ಟಿವಿಯಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ಊಟಕ್ಕೆ ಕೂತವರು ಯಾರೂ ಮಾತಾಡಲಿಲ್ಲ. ಆಮೇಲೆ ಅಪ್ಪನ ಫೋನ್ ಬಂತು. "ಸಂಜೆ ಆರರ ಮೇಲೆ ಹೊರಗೆ ಕಾಲಿಡಬೇಡ ಮಗಾ." ಹೊಡೆದವರ ಬಗ್ಗೆ ಒಂದು ಮಾತಿಲ್ಲ.

ಶ್ರೀರಾಮ ಸೇನೆಯವರ ಮೇಲೆ ಕೇಸಾಯಿತು. 2018ರಲ್ಲಿ ಮಂಗಳೂರಿನ ಕೋರ್ಟು ಸಾಕ್ಷ್ಯ ಸಾಲದೆಂದು ಆರೋಪಿಗಳನ್ನು ಬಿಟ್ಟಿತು. ಆ ವರ್ಷಗಳಲ್ಲಿ ನಾವು ಎಷ್ಟೊಂದು ಚರ್ಚೆ ಮಾಡಿದೆವು! ಸಂಸ್ಕೃತಿ, ಪಾರ್ಟಿ, ವೋಟು, ಹುಡುಗಿಯರು ಪಬ್ಬಿಗೆ ಹೋಗಿದ್ದು ಸರಿಯಾ ತಪ್ಪಾ. ಹೆಣ್ಣಿನ ಮೇಲೆ ಕೈ ಎತ್ತುವ ಧೈರ್ಯ ಎಲ್ಲಿಂದ ಬರುತ್ತದೆ ಅಂತ ಮಾತ್ರ ಕೇಳಲಿಲ್ಲ.

ಆಸ್ಟ್ರೇಲಿಯಾದ ಮೊನಾಶ್ ಯೂನಿವರ್ಸಿಟಿಯ ಮೆಲಿಸ್ಸಾ ಜಾನ್‌ಸ್ಟನ್ ಮತ್ತು ಜಾಕಿ ಟ್ರೂ ಅದನ್ನೇ ಕೇಳಿದ್ದಾರೆ. ಇಂಡೋನೇಷ್ಯಾ, ಬಾಂಗ್ಲಾದೇಶ, ಫಿಲಿಪೈನ್ಸ್‌ನಲ್ಲಿ ಸಮೀಕ್ಷೆ ಮಾಡಿಸಿದರು. ಹೆಂಗಸರಿಗೆ ಹೊಡೆಯುವುದು ತಪ್ಪಲ್ಲ ಅನ್ನುವವರು ಉಗ್ರವಾದದ ಹಿಂಸೆಯನ್ನೂ ಒಪ್ಪುವ ಸಂಭವ ಉಳಿದವರಿಗಿಂತ ಮೂರು ಪಟ್ಟು ಜಾಸ್ತಿ ಅಂತ ಗೊತ್ತಾಯಿತು. ದೈವಭಕ್ತಿ ಎಷ್ಟು, ಓದು ಎಷ್ಟು, ಕೆಲಸ ಇದೆಯಾ ಇಲ್ಲವಾ ಅನ್ನುವುದಕ್ಕೆಲ್ಲ ಇಷ್ಟು ಗಟ್ಟಿ ನಂಟು ಕಾಣಲಿಲ್ಲ. ಟಿವಿ ಡಿಬೇಟಿನವರು ಇನ್ನೇನು ಮಾತಾಡಬೇಕು ಪಾಪ!

ಬ್ರಿಟನ್ನಿನ ಭಯೋತ್ಪಾದನೆ ನಿಗ್ರಹ ಪೊಲೀಸರೂ 2019ರಲ್ಲಿ ಉಗ್ರವಾದದ ಅನುಮಾನದ ಮೇಲೆ ತಮ್ಮ ಬಳಿ ಬಂದವರ ಫೈಲು ತೆಗೆದು ನೋಡಿದರು. ಮೂರರಲ್ಲಿ ಒಬ್ಬರಿಗಿಂತ ಜಾಸ್ತಿ ಜನರಿಗೆ ಮನೆಯೊಳಗಿನ ಹಿಂಸೆಯ ನಂಟಿತ್ತು. ಕೆಲವರು ಹೊಡೆದವರು, ಕೆಲವರು ಹೊಡೆಸಿಕೊಂಡವರು, ಕೆಲವರು ಕಣ್ಣಾರೆ ನೋಡಿದವರು.

ಹಾಗಂತ ಹೆಂಡತಿಗೆ ಹೊಡೆಯುವವರೆಲ್ಲ ನಾಳೆ ಪಬ್ಬಿಗೆ ನುಗ್ಗುತ್ತಾರೆ ಅಂತಲ್ಲ. ನಮ್ಮ ದೂರದ ಸಂಬಂಧಿಯೊಬ್ಬರಿದ್ದಾರೆ, ಮಾವ ಅಂತ ಕರೆಯುತ್ತೇವೆ. ಕುಡಿದು ಬಂದು ಹೊಡೆಯುತ್ತಾರೆ. ಆದರೆ ಯಾವ ಸಂಘಕ್ಕೂ ಸೇರಿದವರಲ್ಲ, ಊರಿನ ಯಕ್ಷಗಾನ ಸಂಘಕ್ಕೂ! ನಾನು ಹೇಳುತ್ತಿರುವುದು ಇಷ್ಟೇ: ಪಬ್ಬಿನಲ್ಲಿ ಬಿದ್ದ ಏಟು, ಅಡುಗೆಮನೆಯಲ್ಲಿ ಬೀಳುವ ಏಟು ಎರಡಕ್ಕೂ ಕೊಡುವ ಕಾರಣ ಒಂದೇ. "ಬುದ್ಧಿ ಕಲಿಸಲಿಕ್ಕೆ."

ಕೆನಡಾದ ಮಾಂಟ್ರಿಯಲ್‌ನಲ್ಲಿ 1989ರ ಡಿಸೆಂಬರ್ 6ರಂದು ಒಬ್ಬ ಎಂಜಿನಿಯರಿಂಗ್ ಕಾಲೇಜಿಗೆ ಬಂದೂಕು ಹಿಡಿದು ಹೋದ. ಒಂದು ತರಗತಿಯಲ್ಲಿ ಗಂಡಸರನ್ನು ಹೊರಗೆ ಕಳಿಸಿ ಹುಡುಗಿಯರ ಮೇಲೆ ಗುಂಡು ಹಾರಿಸಿದ. ತನಗೆ ಸ್ತ್ರೀವಾದಿಗಳನ್ನು ಕಂಡರಾಗದು ಅಂತ ಬಾಯಿಬಿಟ್ಟು ಹೇಳಿದ್ದ. ಅಂದು ಸತ್ತ ಹೆಣ್ಣುಮಕ್ಕಳು 14. ಆದರೂ ಅಲ್ಲಿನ ಸ್ಮಾರಕದ ಫಲಕದಲ್ಲಿ ಬರೆದಿದ್ದದ್ದು ಬರೀ 'ದುರಂತ' ಅಂತ. ಭೂಕಂಪ ಆದ ಹಾಗೆ. 'ಸ್ತ್ರೀವಾದದ ವಿರುದ್ಧದ ದಾಳಿ' ಅಂತ ಬದಲಾಗಿದ್ದು 2019ರಲ್ಲಿ. ಸರಿಯಾದ ಹೆಸರಿಡಲು 30 ವರ್ಷ ಬೇಕಾಯಿತು.

ನಮ್ಮಲ್ಲಿ ಇದಕ್ಕೆ ಹೆಸರೇ ಬೇಕಿಲ್ಲ, ಗಾದೆಯೇ ಇದೆಯಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದವರು. ದೇಶದಲ್ಲೇ ಅತಿ ಜಾಸ್ತಿ. ಅದರಲ್ಲಿ ಇನ್ನೊಂದು ಪ್ರಶ್ನೆಯೂ ಇತ್ತು. ಅಡುಗೆ ಸರಿ ಮಾಡದಿದ್ದರೆ, ಹೇಳದೆ ಹೊರಗೆ ಹೋದರೆ, ಎದುರು ಮಾತಾಡಿದರೆ ಗಂಡ ಹೊಡೆಯಬಹುದಾ? ಹೀಗೆ ಏಳು ಕಾರಣ. ಒಂದಕ್ಕಾದರೂ ಹೌದು ಅಂದ ಗಂಡಸರು ನಮ್ಮ ರಾಜ್ಯದಲ್ಲಿ ನೂರಕ್ಕೆ ಸುಮಾರು 82. ಹೆಂಗಸರು 77.

ಈ 77 ನಂಬಲಾಗಲಿಲ್ಲ. ಕಳೆದ ತಿಂಗಳು ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಊಟ ಮುಗಿದ ಮೇಲೆ ಹೆಂಗಸರ ಗುಂಪಿನಲ್ಲಿ ಸುಮ್ನೆ ಅದೇ ಪ್ರಶ್ನೆ ಕೇಳಿದೆ.

ದೊಡ್ಡಮ್ಮ ನಕ್ಕರು. "ಸಾಂಬಾರಿಗೆ ಉಪ್ಪು ಜಾಸ್ತಿಯಾದ್ರೆ ಒಂದು ಪೆಟ್ಟು ಕೊಡ್ಲಿ ಬಿಡು. ಗಂಡ ಅಲ್ವಾ!"

ಎಲ್ಲರೂ ನಕ್ಕರು. ಆ ಮಾವನ ಹೆಂಡತಿ ಮೂಲೆಯಲ್ಲಿ ಬಾಳೆಎಲೆ ಮಡಚುತ್ತಿದ್ದರು. ತಲೆ ಎತ್ತದೆ ಹೇಳಿದರು.

"ಉಪ್ಪು ಸರಿ ಇದ್ರೂ ಬೀಳ್ತದೆ."