ಎಚ್-ಇಂಡೆಕ್ಸ್ ಒಂದರಿಂದ ಕಾರ್ಲ್‌ಸನ್ ಅವರನ್ನು ಅಳೆಯಲಾಗದು

ವಿಜ್ಞಾನಿಯೊಬ್ಬರ ಹೆಸರು ಕಿವಿಗೆ ಬಿದ್ದರೆ ಸಾಕು, ಗೂಗಲ್ ಸ್ಕಾಲರ್ ತೆಗೆದು ಎಚ್-ಇಂಡೆಕ್ಸ್ (ಲೇಖನಗಳೆಷ್ಟು, ಬೇರೆಯವರು ಅವನ್ನು ಎಷ್ಟು ಸಲ ಉಲ್ಲೇಖಿಸಿದ್ದಾರೆ ಅನ್ನುವುದನ್ನು ಒಂದೇ ಅಂಕಿಗಿಳಿಸುವ ಅಳತೆ) ನೋಡುವ ಚಾಳಿ ಈಗ ಆಯ್ಕೆ ಸಮಿತಿಗಳಿಗೂ ಅಂಟಿದೆ. ಆ ಅಂಕಿ ಏನೆಲ್ಲವನ್ನು ನುಂಗಿಹಾಕುತ್ತದೆ ಅಂತ ತಿಳಿಯಬೇಕಾದರೆ ಮಿದುಳಿನ ರಾಸಾಯನಿಕ ಡೋಪಮೈನ್ ಮೇಲೆ ಕೆಲಸ ಮಾಡಿದ ಸ್ವೀಡನ್ನಿನ ವಿಜ್ಞಾನಿ ಅರ್ವಿದ್ ಕಾರ್ಲ್‌ಸನ್ ಅವರ ಪ್ರಕಟಣೆಗಳನ್ನು ನೋಡಬೇಕು.

1957ರಲ್ಲಿ ‘ನೇಚರ್’ನಲ್ಲಿ ಬಂದ ಅವರ ಲೇಖನ ತೀರಾ ಪುಟ್ಟದು. ರಿಸರ್ಪೀನ್ (ಸರ್ಪಗಂಧಿ ಬೇರಿನಿಂದ ತೆಗೆದ ಔಷಧ) ಕೊಟ್ಟ ಮೊಲಗಳು ಕಿವಿ ಜೋತುಬಿಟ್ಟು ಮಿಸುಕಾಡದೆ ಕೂತಿರುತ್ತವೆ. ಡೋಪಾ (ದೇಹ ಇದನ್ನು ಮೊದಲು ಡೋಪಮೈನ್, ಆಮೇಲೆ ನಾರ್‌ಅಡ್ರಿನಲಿನ್ ಎಂಬ ನರಸಂದೇಶ ವಸ್ತುವಾಗಿಸುತ್ತದೆ) ಚುಚ್ಚಿದರೆ ಸುಮಾರು 15 ನಿಮಿಷದಲ್ಲಿ ಕಿವಿ ನಿಮಿರಿಸಿ ಏಳುತ್ತವೆ. ಇನ್ನೊಂದು ನರಸಂದೇಶ ವಸ್ತುವಾದ ಸೆರೊಟೋನಿನ್‌ನ ಪೂರ್ವವಸ್ತುವಾದ 5-ಎಚ್‌ಟಿಪಿಗೆ ಈ ಗುಣವಿಲ್ಲ. ಆದರೆ ಎದ್ದ ಪ್ರಾಣಿಯ ಮಿದುಳಲ್ಲಿ ನಾರ್‌ಅಡ್ರಿನಲಿನ್ ಮರಳಿ ತುಂಬಿರಲೇ ಇಲ್ಲ! ಹಾಗಾದರೆ ಎಬ್ಬಿಸಿದ್ದು ಯಾವುದು? ಡೋಪಮೈನ್ ಅಳೆಯುವ ಫ್ಲೋರಿಮೆಟ್ರಿ (ವಸ್ತು ಸೂಸುವ ಬೆಳಕಿನಿಂದ ಅದರ ಪ್ರಮಾಣ ತಿಳಿಯುವ) ವಿಧಾನವನ್ನೇ ಅವರ ತಂಡ ಕಟ್ಟಿಕೊಳ್ಳಬೇಕಾಯಿತು. ಡೋಪಮೈನ್ ಮಿದುಳಲ್ಲಿ ಸಹಜವಾಗೇ ಇದೆ, ರಿಸರ್ಪೀನ್ ಅದನ್ನು ಬರಿದು ಮಾಡುತ್ತದೆ, ಡೋಪಾ ಮತ್ತೆ ತುಂಬುತ್ತದೆ ಅಂತ 1958ರ ‘ಸೈನ್ಸ್’ ಲೇಖನ ತೋರಿಸಿತು. ಅಲ್ಲಿವರೆಗೆ ಅದನ್ನು ನಾರ್‌ಅಡ್ರಿನಲಿನ್ ತಯಾರಿಕೆಯ ನಡುವಿನ ಒಂದು ಹಂತ ಅಂತಷ್ಟೇ ಎಣಿಸಿದ್ದರು. 1960ರಲ್ಲಿ ಲಂಡನ್ನಿನ ಸಿಬಾ ಫೌಂಡೇಶನ್ ಸಭೆಯಲ್ಲಿ ಔಷಧವಿಜ್ಞಾನಿ ಹೆನ್ರಿ ಡೇಲ್‌ರಂಥ ಘಟಾನುಘಟಿಗಳೂ ಡೋಪಮೈನ್ ತಾನೇ ಒಂದು ನರಸಂದೇಶ ವಸ್ತು ಅನ್ನುವ ವಾದವನ್ನು ಒಪ್ಪಲಿಲ್ಲ.

ಈಗ ಲೆಕ್ಕಕ್ಕೆ ಬನ್ನಿ. ಉಲ್ಲೇಖ ಎಣಿಸುವ ದತ್ತಾಂಶಕೋಶ ಸ್ಕೋಪಸ್‌ನ ಉಲ್ಲೇಖಪಟ್ಟಿ ಶುರುವಾಗುವುದೇ 1970ರಿಂದ. ಅಂದರೆ ವಾದ ಕಾವೇರಿದ್ದ ಆ ಹನ್ನೆರಡು ವರ್ಷಗಳ ಉಲ್ಲೇಖಗಳು ಅಲ್ಲಿ ಸಿಗುವುದಿಲ್ಲ. ಆಮೇಲೆ ಡೋಪಮೈನ್ ಪಠ್ಯಪುಸ್ತಕದ ಮಾತಾಯಿತು, ಮೂಲ ಲೇಖನವನ್ನು ಹೆಸರಿಸುವ ಅಗತ್ಯವೇ ಯಾರಿಗೂ ಉಳಿಯಲಿಲ್ಲ. ಪ್ರಭಾವ ಪೂರ್ತಿಯಾದಾಗಲೇ ಎಣಿಕೆ ನಿಲ್ಲುತ್ತದೆ. ಪಾರ್ಕಿನ್ಸನ್ ರೋಗಿಗಳ ಮಿದುಳಲ್ಲಿ ಡೋಪಮೈನ್ ಕೊರತೆ ತೋರಿಸಿದ ಏರಿಂಗರ್ ಮತ್ತು ಹಾರ್ನಿಕೀವಿಚ್ ಅವರ 1960ರ ಲೇಖನ ಬಂದಿದ್ದು ಜರ್ಮನ್ ಭಾಷೆಯಲ್ಲಿ. ಹಾರ್ನಿಕೀವಿಚ್ ಕಾರ್ಲ್‌ಸನ್ ಪಾಲು ಪಡೆದ 2000ದ ನೊಬೆಲ್‌ನಿಂದ ಹೊರಗುಳಿದದ್ದು ನನಗೆ ಇವತ್ತಿಗೂ ಅನ್ಯಾಯವೆನಿಸುತ್ತದೆ. ಇನ್ನೂ ಹಿಂದೆ ಹೋದರೆ ನಮ್ಮ ಸರ್ಪಗಂಧಿ ಸಿಗುತ್ತದೆ. ಅದರ ಬೇರು ರಕ್ತದೊತ್ತಡವನ್ನೂ ಹುಚ್ಚನ್ನೂ ತಗ್ಗಿಸುತ್ತದೆ ಅಂತ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ 1931ರಲ್ಲೇ ಬರೆದಿದ್ದರು. ಸಿಬಾ ಕಂಪನಿ ಅದರಿಂದ ರಿಸರ್ಪೀನ್ ಬೇರ್ಪಡಿಸಿದ್ದು 1952ರಲ್ಲಿ. ಆ ಬೇರಿಲ್ಲದಿದ್ದರೆ ಕಾರ್ಲ್‌ಸನ್ನರ ಮೊಲದ ಪ್ರಯೋಗವೂ ಇಲ್ಲ.

2005ರಲ್ಲಿ ಹಿರ್ಶ್ ಸೂಚಿಸಿದ ಎಚ್-ಇಂಡೆಕ್ಸ್‌ನ ಗಣಿತವೇ ಹೀಗಿದೆ: ತಲಾ ಕನಿಷ್ಠ ಎನ್ ಉಲ್ಲೇಖವಿರುವ ಎನ್ ಲೇಖನಗಳಿದ್ದರೆ ಅಂಕಿ ಎನ್. ಅಂದರೆ ತಲಾ 1000 ಉಲ್ಲೇಖವಿರುವ 5 ಲೇಖನ ಬರೆದವರಿಗೆ 5, ತಲಾ 20 ಉಲ್ಲೇಖವಿರುವ 20 ಲೇಖನ ಬರೆದವರಿಗೆ 20. ಹಾಗಾಗಿ ಯಾರದ್ದಾದರೂ ದಾಖಲೆ ಪರಿಶೀಲಿಸುವಾಗ ಮೊದಲು ವಿಮರ್ಶಾ ಲೇಖನಗಳನ್ನು (ಇತರರ ಸಂಶೋಧನೆಗಳನ್ನು ಒಟ್ಟುಗೂಡಿಸಿ ಬರೆದವು) ಪಕ್ಕಕ್ಕಿಡಿ. ಉಲ್ಲೇಖಗಳನ್ನು ಅವೇ ಬಾಚಿಕೊಳ್ಳುವುದು. ಸ್ವಂತ ಉಲ್ಲೇಖಗಳನ್ನು ಕಳೆಯಿರಿ. ಉಳಿದವುಗಳಲ್ಲಿ ಒಂದಷ್ಟನ್ನು ತೆರೆದು, ಉಲ್ಲೇಖ ಎಲ್ಲಿ ಬಂದಿದೆ ನೋಡಿ. ಪೀಠಿಕೆಯಲ್ಲಿ ನಾಲ್ಕೈದು ಹೆಸರಿನ ಜೊತೆ ಸೇರಿಕೊಂಡಿದ್ದರೆ ಅದು ಬರೀ ಶಿಷ್ಟಾಚಾರ. ವಿಧಾನ ವಿಭಾಗದಲ್ಲಿದ್ದರೆ, ಯಾರೋ ಆ ಕೆಲಸವನ್ನು ನಿಜಕ್ಕೂ ಬಳಸಿದ್ದಾರೆ.

ನಮ್ಮ ಕಡೆಯವರಿಗೆ ಇನ್ನೊಂದು ತೊಡಕಿದೆ. ಊರು, ಅಪ್ಪನ ಹೆಸರು ಇನಿಶಿಯಲ್ ಆಗಿ ಒಮ್ಮೆ ಮುಂದೆ, ಒಮ್ಮೆ ಹಿಂದೆ ಬಂದು ಒಬ್ಬರೇ ಸಂಶೋಧಕರು ಮೂರು ಪ್ರೊಫೈಲ್‌ಗಳಾಗಿ ಒಡೆದುಹೋಗುತ್ತಾರೆ. ಇಲ್ಲವೇ ಹತ್ತು ರಾವ್‌ಗಳು ಒಂದೇ ಖಾತೆಗೆ ಸೇರುತ್ತಾರೆ. ಪಿಎಚ್‌ಡಿ ಶುರು ಮಾಡುವವರು ಮೊದಲ ಲೇಖನ ಕಳಿಸುವ ಮುಂಚೆಯೇ ಆರ್ಕಿಡ್ (ORCID, ಸಂಶೋಧಕರ ಗುರುತಿನ) ಸಂಖ್ಯೆ ಮಾಡಿಸಿಕೊಳ್ಳಿ. ಅದು ಉಚಿತ. ಹೆಸರಿನ ಒಂದೇ ರೂಪವನ್ನು ಕೊನೆತನಕ ಉಳಿಸಿಕೊಳ್ಳಿ.